ರಿಲೇಷನಲ್ ಡೇಟಾಬೇಸ್ ಸ್ಥಳಾಂತರ

ರಿಲೇಷನಲ್ ಡೇಟಾಬೇಸ್ ಸ್ಥಳಾಂತರ ಎಂದರೆ ಸಂಸ್ಥೆಯೊಂದು ತನ್ನ ಸ್ವಂತ ಸರ್ವರ್‌ಗಳಲ್ಲಿ ಕೋಷ್ಟಕರೂಪದಲ್ಲಿ ಇರಿಸಿಕೊಂಡಿರುವ ದತ್ತಾಂಶವನ್ನು ಕ್ಲೌಡ್ ಸೇವೆಗೆ, ಇಲ್ಲವೇ ಕ್ಲೌಡ್‌ನಿಂದ ಮರಳಿ ಸ್ವಂತ ಸರ್ವರ್‌ಗೆ ಸಾಗಿಸುವ ಕಾರ್ಯ. ಸಾಮಾನ್ಯ ಕಡತವೊಂದನ್ನು ನಕಲು ಮಾಡುವುದಕ್ಕೂ ಇದಕ್ಕೂ ಬಹಳ ಅಂತರವಿದೆ. ಬ್ಯಾಂಕಿನ ಅಥವಾ ಆಸ್ಪತ್ರೆಯ ಡೇಟಾಬೇಸ್ ನಕಲು ನಡೆಯುತ್ತಿರುವಾಗಲೂ ಬದಲಾಗುತ್ತಲೇ ಇರುತ್ತದೆ. ಶಾಲೆಯ ದಾಖಲಾತಿ ಪುಸ್ತಕವನ್ನು ಒಬ್ಬರು ಹೊಸ ಪುಸ್ತಕಕ್ಕೆ ಬರೆದಿಳಿಸುತ್ತಿರುವಾಗಲೇ ಇನ್ನೊಬ್ಬರು ಹಳೆಯದರಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿದ್ದರೆ ಹೇಗೋ ಹಾಗೆ. ಎರಡೂ ಪುಸ್ತಕಗಳು ಒಂದೇ ಲೆಕ್ಕವನ್ನು ಹೇಳುವಂತೆ ಮಾಡುವುದೇ ಈ ಕೆಲಸದ ತಿರುಳು.

ಹಿನ್ನೆಲೆ

ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಲೇಖನವು ರಿಲೇಷನಲ್ ಮಾದರಿಗೆ ತಳಹದಿಯಾಯಿತು. ಈ ಮಾದರಿಯ ಡೇಟಾಬೇಸ್‌ಗಳು ದಶಕಗಳ ಕಾಲ ಸಂಸ್ಥೆಗಳ ಸ್ವಂತ ಯಂತ್ರಗಳಲ್ಲೇ ನಡೆದವು. 2009ರಲ್ಲಿ ಅಮೆಜಾನ್ ಆರ್‌ಡಿಎಸ್ ಸೇವೆಯೂ 2010ರಲ್ಲಿ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಅಜೂರ್ ಸೇವೆಯೂ ಬಂದ ಬಳಿಕ ಬಾಡಿಗೆಯ ಡೇಟಾಬೇಸ್ ಎಂಬ ಕಲ್ಪನೆ ಬೇರೂರಿತು. ಅಮೆಜಾನ್ ತನ್ನ ಆಂತರಿಕ ಬಳಕೆಯ ಸುಮಾರು 7,500 ಒರಾಕಲ್ ಡೇಟಾಬೇಸ್‌ಗಳಲ್ಲಿದ್ದ 75 ಪೆಟಾಬೈಟ್ ದತ್ತಾಂಶವನ್ನು ತನ್ನದೇ ಕ್ಲೌಡ್ ಸೇವೆಗಳಿಗೆ ಸಾಗಿಸಿ ಮುಗಿಸಿದುದಾಗಿ 2019ರಲ್ಲಿ ಪ್ರಕಟಿಸಿತು.

ವಿಧಾನಗಳು

ಅತ್ಯಂತ ಸರಳವಾದ ವಿಧಾನವೆಂದರೆ ಸೇವೆಯನ್ನು ನಿಲ್ಲಿಸಿ, ಬ್ಯಾಕಪ್ ತೆಗೆದು, ಹೊಸ ಸ್ಥಳದಲ್ಲಿ ಅದನ್ನು ಮರುಸ್ಥಾಪಿಸುವುದು. ಚಿಕ್ಕ ಡೇಟಾಬೇಸ್‌ಗೆ ಇದು ಧಾರಾಳವಾಗಿ ಸಾಕು. ದೊಡ್ಡದಕ್ಕೆ ಸಾಲದು: 10 ಟೆರಾಬೈಟ್ ದತ್ತಾಂಶವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಕಳುಹಿಸಲು, ಒಂದು ಕ್ಷಣವೂ ಅಡಚಣೆಯಿಲ್ಲದಿದ್ದರೂ, ಒಂಬತ್ತು ದಿನಗಳಿಗಿಂತ ಹೆಚ್ಚು ಬೇಕು. ಅಷ್ಟು ದಿನ ಬಾಗಿಲು ಮುಚ್ಚಬಲ್ಲ ಬ್ಯಾಂಕು ಯಾವುದೂ ಇಲ್ಲ.

ಆದುದರಿಂದ ಮೊದಲು ಪೂರ್ಣ ನಕಲನ್ನು ಸಾಗಿಸಿ, ಆನಂತರದ ಬದಲಾವಣೆಗಳನ್ನು ರೆಪ್ಲಿಕೇಶನ್ ಮೂಲಕ ಬೆನ್ನಟ್ಟಿ ಕಳುಹಿಸುವ ಪದ್ಧತಿ ಬೆಳೆಯಿತು. ಪ್ರತಿ ಡೇಟಾಬೇಸ್ ತನ್ನಲ್ಲಿ ನಡೆದ ಬದಲಾವಣೆಗಳನ್ನು ಲಾಗ್ ಎಂಬ ದಿನಚರಿಯಲ್ಲಿ ಕ್ರಮವಾಗಿ ಬರೆದಿಡುತ್ತದೆ. ಅದನ್ನೇ ಓದಿ ಹೊಸ ಸರ್ವರ್‌ನಲ್ಲಿ ಪುನರಾವರ್ತಿಸಲಾಗುತ್ತದೆ. ಎರಡರ ನಡುವಿನ ಅಂತರ ಕೆಲವು ಸೆಕೆಂಡುಗಳಿಗೆ ಇಳಿದಾಗ ಹಳೆಯದರಲ್ಲಿ ಬರೆಯುವುದನ್ನು ತಡೆದು, ಉಳಿದುದನ್ನು ಸಾಗಿಸಿ, ಬಳಕೆದಾರರನ್ನು ಹೊಸದಕ್ಕೆ ತಿರುಗಿಸಲಾಗುತ್ತದೆ. ಇದಕ್ಕೆ ಕಟ್‌ಓವರ್ ಎಂದು ಹೆಸರು.

ಸಾಲುಗಳ ಸಂಖ್ಯೆ ತಾಳೆಯಾದ ಮಾತ್ರಕ್ಕೆ ಸ್ಥಳಾಂತರ ಸರಿಯಾಯಿತೆಂದು ತಿಳಿಯಲಾಗದು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಹಲವು ಆವೃತ್ತಿಗಳಲ್ಲಿ, ಲಾಜಿಕಲ್ ರೆಪ್ಲಿಕೇಶನ್ ಬಳಸಿದಾಗ ಸಾಲುಗಳು ಬರುತ್ತವೆ, ಕ್ರಮಸಂಖ್ಯೆ ನೀಡುವ ಸೀಕ್ವೆನ್ಸ್‌ನ ಸದ್ಯದ ಬೆಲೆ ಬರುವುದಿಲ್ಲ. ಅದನ್ನು ಕೈಯಾರೆ ಸರಿಪಡಿಸದಿದ್ದರೆ ಹೊಸ ಸರ್ವರ್ ಈಗಾಗಲೇ ಕೊಟ್ಟಿರುವ ಸಂಖ್ಯೆಗಳನ್ನೇ ಮತ್ತೆ ಕೊಡತೊಡಗುತ್ತದೆ. ಒರಾಕಲ್‌ನಿಂದ ಹೊರಡುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ: ಒರಾಕಲ್ ಖಾಲಿ ಪಠ್ಯವನ್ನು ‘ಮೌಲ್ಯವೇ ಇಲ್ಲ’ ಎಂದು ಪರಿಗಣಿಸುತ್ತದೆ, ಪೋಸ್ಟ್‌ಗ್ರೆಸ್‌ಕ್ಯೂಎಲ್‌ಗೆ ಅವೆರಡೂ ಬೇರೆ ಬೇರೆ. ದೋಷಸಂದೇಶವೇ ಇಲ್ಲದೆ ವರದಿಯ ಉತ್ತರ ಬದಲಾಗಿರುತ್ತದೆ.

ಕನ್ನಡ ದತ್ತಾಂಶ

ಯೂನಿಕೋಡ್ ರೂಢಿಗೆ ಬರುವ ಮೊದಲು ಬಹಳಷ್ಟು ಕನ್ನಡ ದಾಖಲೆಗಳು ಫಾಂಟ್‌ಗೆ ಅಂಟಿಕೊಂಡ ಸಂಕೇತಗಳಲ್ಲಿ ಸಂಗ್ರಹವಾದವು. ಅಂಥ ದತ್ತಾಂಶವನ್ನು ಇದ್ದಂತೆಯೇ ಸಾಗಿಸಿದರೆ, ಆ ಫಾಂಟ್ ಇಲ್ಲದೆಡೆ ಹೆಸರುಗಳು ಅರ್ಥಹೀನ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್‌ಗೆ ಪರಿವರ್ತಿಸಿದರೆ ಸ್ಥಳದ ಸಮಸ್ಯೆ ತಲೆದೋರುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಲಕ್ಷ್ಮೀನಾರಾಯಣ’ ಎಂಬ ಹೆಸರಿನಲ್ಲಿ ಒತ್ತು, ಗುಣಿತಗಳೂ ಸೇರಿ 13 ಸಂಕೇತಗಳಿದ್ದು 39 ಬೈಟ್ ಆಗುತ್ತದೆ. 30 ಬೈಟ್ ಮಿತಿಯ ಕಾಲಂನಲ್ಲಿ ಅದು ಹಿಡಿಸದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಯೂನಿಕೋಡ್ ಅಲ್ಲದ ಕಾಲಂಗೆ ಕನ್ನಡವನ್ನು ತುಂಬಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ. ಮೂಲ ಪಠ್ಯ ಅದರಿಂದ ಮರಳಿ ಸಿಗುವುದಿಲ್ಲ. ಪಹಣಿಯಲ್ಲಿಯೋ ಅಂಕಪಟ್ಟಿಯಲ್ಲಿಯೋ ಒಬ್ಬರ ಹೆಸರು ಹೀಗೆ ಅಳಿದರೆ ಅದು ಕೇವಲ ತಾಂತ್ರಿಕ ದೋಷವಲ್ಲ.

ಟಿಎಸ್‌ಬಿ ಬ್ಯಾಂಕ್ ಪ್ರಕರಣ

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ತನ್ನ ಸುಮಾರು 52 ಲಕ್ಷ ಗ್ರಾಹಕರ ದಾಖಲೆಗಳನ್ನು ಲಾಯ್ಡ್ಸ್ ಸಮೂಹದ ವ್ಯವಸ್ಥೆಯಿಂದ ತನ್ನ ಮಾತೃಸಂಸ್ಥೆಯಾದ ಸಬಾದೆಲ್ ರೂಪಿಸಿದ ಹೊಸ ವ್ಯವಸ್ಥೆಗೆ ವರ್ಗಾಯಿಸಿತು. ಇದು ಒಂದು ದತ್ತಾಂಶ ಕೇಂದ್ರದಿಂದ ಇನ್ನೊಂದಕ್ಕೆ ನಡೆದ ಸ್ಥಳಾಂತರವಾದರೂ ಕ್ಲೌಡ್ ಸ್ಥಳಾಂತರದ ಚರ್ಚೆಗಳಲ್ಲಿಯೂ ಪ್ರಸ್ತುತವಾಗಿದೆ. ಏಕೆಂದರೆ ಇಲ್ಲಿ ದತ್ತಾಂಶವು ಯಶಸ್ವಿಯಾಗಿಯೇ ತಲುಪಿತ್ತು. ಕುಸಿದದ್ದು ಅದನ್ನು ಬಳಸಬೇಕಾದ ಹೊಸ ವ್ಯವಸ್ಥೆ. ಲಕ್ಷಾಂತರ ಜನರು ತಮ್ಮ ಖಾತೆಯನ್ನು ತಾವೇ ಕಾಣದಾದರು. ಪರಿಸ್ಥಿತಿ ಪೂರ್ತಿ ತಹಬಂದಿಗೆ ಬರಲು ಡಿಸೆಂಬರ್ ಆಯಿತು. 2022ರಲ್ಲಿ ನಿಯಂತ್ರಕ ಸಂಸ್ಥೆಗಳು ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ವಿಧಿಸಿದವು.

ಹಿಂದಿರುಗುವ ದಾರಿ

ಕಟ್‌ಓವರ್ ಆದ ಮೇಲೆ ಹೊಸ ಸರ್ವರ್‌ನಲ್ಲಿ ಒಂದು ವಹಿವಾಟು ನಡೆದರೂ ಹಳೆಯ ಪ್ರತಿ ಹಿಂದುಳಿಯಿತೆಂದೇ ಅರ್ಥ. ಹಳೆಯ ಸರ್ವರ್ ಅನ್ನು ಸುಮ್ಮನೆ ಉಳಿಸಿಕೊಂಡರೆ ಪ್ರಯೋಜನವಿಲ್ಲ. ಹೊಸದರಿಂದ ಹಳೆಯದಕ್ಕೆ ವಿರುದ್ಧ ದಿಕ್ಕಿನ ರೆಪ್ಲಿಕೇಶನ್ ನಡೆಸಿದರೆ ಮಾತ್ರ ಹಿಂದಿರುಗಲು ಸಾಧ್ಯ. ಅನೇಕ ಯೋಜನೆಗಳಲ್ಲಿ ಬಿಟ್ಟುಹೋಗುವುದು ಈ ಭಾಗವೇ.

ಕ್ಲೌಡ್‌ನಿಂದ ಸ್ವಂತ ಸರ್ವರ್‌ಗೆ ಮರಳುವವರೂ ಇದ್ದಾರೆ. ದತ್ತಾಂಶವನ್ನು ಒಳತರಲು ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಗೆ ಸಾಗಿಸಲು ಗಿಗಾಬೈಟ್ ಲೆಕ್ಕದಲ್ಲಿ ಶುಲ್ಕ ತಗಲುವುದುಂಟು. ಭಾರತದಲ್ಲಿ ಪಾವತಿ ವ್ಯವಸ್ಥೆಗಳ ದತ್ತಾಂಶವನ್ನು ದೇಶದೊಳಗೇ ಸಂಗ್ರಹಿಸಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಆದೇಶಿಸಿದ್ದರಿಂದ, ಅಂಥ ಸಂಸ್ಥೆಗಳು ಕ್ಲೌಡ್ ಸೇವೆಯ ಯಾವ ಪ್ರದೇಶವನ್ನು ಆರಿಸಿಕೊಳ್ಳುತ್ತವೆ ಎಂಬುದು ಕಾನೂನಿನ ವಿಷಯವೂ ಆಗಿದೆ.