ಒಂದು ತಂತಿಯ ಚರಿತ್ರೆ

ನಮ್ಮ ಬಳಗದ ಕಪಾಟಿನಲ್ಲಿ ಹಳೆಯ ಮಿನಿ-ಡಿವಿ ಕ್ಯಾಸೆಟ್ಟುಗಳಿವೆ. ರಾಜ್ಯೋತ್ಸವದ ನಾಟಕಗಳು, ಇಂದು ನಮ್ಮೊಡನಿಲ್ಲದ ಹಿರಿಯರ ಮಾತುಗಳು ಅವುಗಳಲ್ಲಿವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಹೊರಟಾಗ ನಮಗೆದುರಾದದ್ದು ಒಂದು ತಂತಿಯ ಚರಿತ್ರೆ.

1995ರಲ್ಲಿ ಸೋನಿಯ ವಿಎಕ್ಸ್1000 ಡಿವಿ ಕ್ಯಾಮೆರಾ ಬಂದಿತು. ಅದೇ ವರ್ಷ ಐಇಇಇ 1394 ಎಂಬ ಸಂಪರ್ಕಮಾನಕವೂ ರೂಪುಗೊಂಡಿತು. ಅದನ್ನು ಆಪಲ್ ಫೈರ್‌ವೈರ್ ಎಂದಿತು, ಸೋನಿ ಐ-ಲಿಂಕ್ ಎಂದಿತು. ಅದಕ್ಕೂ ಮೊದಲು ಟೇಪಿನಿಂದ ಟೇಪಿಗೆ ನಕಲಿಳಿಸಿ ಸಂಕಲಿಸುವಾಗ ಪ್ರತಿ ನಕಲಿನಲ್ಲೂ ಚಿತ್ರ ಮಸುಕಾಗುತ್ತಿತ್ತು. ಈ ತಂತಿಯಾದರೋ ಟೇಪಿನಲ್ಲಿದ್ದ ಅಂಕೀಯ ದತ್ತವನ್ನೇ ಯಥಾವತ್ತಾಗಿ ಸಾಗಿಸಿತು. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಡಿಸ್ಕಿನಲ್ಲಿ ಸುಮಾರು 13 ಗಿಗಾಬೈಟ್ ಸ್ಥಳವೂ ಬೇಕು. 1999ರಲ್ಲಿ ಐಮ್ಯಾಕ್ ಡಿವಿಯು ಐಮೂವಿ ತಂತ್ರಾಂಶದೊಡನೆ ಬಂದು, ಸಂಕಲನವನ್ನು ಸ್ಟುಡಿಯೋದಿಂದ ಮನೆಯ ಮೇಜಿಗೆ ತಂದಿತು.

ಬಳಿಕ ಮೆಮೊರಿ ಕಾರ್ಡುಗಳೂ ಯುಎಸ್‌ಬಿಯೂ ಪ್ರಬಲವಾದವು. ಹೊಸ ಕಂಪ್ಯೂಟರುಗಳಿಂದ ಫೈರ್‌ವೈರ್ ಕಿಂಡಿ ಮರೆಯಾಯಿತು. ಓಲೆಗರಿಗೆ ಲಿಪಿ ಬಲ್ಲ ಕಣ್ಣು ಸಾಕು; ಟೇಪಿಗೆ ಓಡುವ ಕ್ಯಾಮೆರಾವೂ ಬೇಕು, ಹೊಂದುವ ತಂತಿಯೂ ಬೇಕು. ಟೇಪಿನ ಕಾಂತಲೇಪವೋ ವರ್ಷವರ್ಷಕ್ಕೆ ಸವೆಯುತ್ತಿದೆ. ನಾವು ಹಳೆಯ ಕಂಪ್ಯೂಟರೊಂದನ್ನು ಹುಡುಕಿ ತಂದು ಕೆಲಸ ಆರಂಭಿಸಿದ್ದೇವೆ. ನಿಮ್ಮ ಮನೆಗಳಲ್ಲೂ ಇಂಥ ಟೇಪುಗಳಿದ್ದರೆ, ಈ ವರ್ಷವೇ ಇಳಿಸಿಕೊಳ್ಳಿರಿ.