ಮೂರು ಕಸುಬಿನ ಮೂವರು ಕಟ್ಟಿದ ಬ್ಯಾಂಕು

ಗೆಳೆಯರು ಸೇರಿ ವ್ಯಾಪಾರ ಶುರುಮಾಡಿ, ವರ್ಷ ತುಂಬುವುದರೊಳಗೆ ಮಾತು ಬಿಡುವುದು ಊರೂರಲ್ಲೂ ಉಂಟು. 1925ರಲ್ಲಿ ಉಡುಪಿಯಲ್ಲಿ ಕೈಜೋಡಿಸಿದ ಮೂವರನ್ನು ನೋಡಿ. ಉಪೇಂದ್ರ ಅನಂತ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ಡಾಕ್ಟರ್. ಒಬ್ಬರ ಕಸುಬು ಇನ್ನೊಬ್ಬರದಲ್ಲ. ಆದರೆ ಉದ್ದೇಶ ಒಂದೇ: ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಹಣದ ನೆರವು ಸಿಗಬೇಕು.

8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. 1928ರಲ್ಲಿ ಪಿಗ್ಮಿ ಬಂತು. ಏಜೆಂಟರು ಮನೆಬಾಗಿಲಿಗೇ ಬಂದು, ದಿನಕ್ಕೆ ಎರಡಾಣೆ ಕೊಟ್ಟರೂ ಕಟ್ಟಿಸಿಕೊಂಡರು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿತು.

ಪಾಲುದಾರರನ್ನು ಹುಡುಕುವಾಗ ಸಲುಗೆಯೊಂದನ್ನೇ ನೋಡಬೇಡಿ. ನಿಮಗೆ ಬಾರದ ಕೆಲಸ ಅವರಿಗೆ ಬರುತ್ತದೆಯೇ? ಯಾರಿಗಾಗಿ ದುಡಿಯುತ್ತೀರಿ ಎಂಬುದರಲ್ಲಿ ಇಬ್ಬರದೂ ಒಂದೇ ಮಾತೇ? ಹಣ ಹಾಕುವ ಮೊದಲೇ ಕೇಳಿಕೊಳ್ಳಿ.