ಕಸುಬು ಮೊದಲು, ಪದವಿ ಆಮೇಲೆ: ನಮ್ಮ ಕಡೆಯ ಕಾಲೇಜುಗಳ ಕಥೆ

ಮಣಿಪಾಲವೆಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ದೊಡ್ಡ ಆಸ್ಪತ್ರೆ, ಎಂಜಿನಿಯರಿಂಗ್ ಕಾಲೇಜು, ದೇಶವಿದೇಶಗಳಿಂದ ಬಂದ ವಿದ್ಯಾರ್ಥಿಗಳು. ‘ಮಣ್ಣಪಳ್ಳ’ ಎಂಬ ಕೆರೆಯಿಂದ ಹೆಸರು ಪಡೆದ ಆ ಬೋಳುಗುಡ್ಡ ವಿದ್ಯಾನಗರಿಯಾದ ಕಥೆಯನ್ನು ಅನೇಕರು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಅದರ ನೆರಳಿನಲ್ಲಿ ಮರೆಯಾದ ಇನ್ನೊಂದು ಸಂಗತಿಯನ್ನು. ಉಡುಪಿ, ಕಾಪು, ಕಾರ್ಕಳಗಳ ಹಳ್ಳಿಯ ಮಕ್ಕಳಿಗೆ ಕಾಲೇಜು ಎಂಬುದು ಹೇಗೆ ಕೈಗೆಟುಕಿತು, ಎಟುಕಿದ ಮೇಲೆ ಏನಾಯಿತು ಎಂಬುದು ನನ್ನ ವಿಷಯ. ಮೂವತ್ತೇಳು ವರ್ಷಗಳ ಕಾಲ ಕಾರ್ಕಳ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಹೇಳಿ, ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಹತ್ತನೆಯ ತರಗತಿಯ ಮಕ್ಕಳನ್ನು ಬೀಳ್ಕೊಟ್ಟವನು ನಾನು. ಆ ಮಕ್ಕಳು ಮುಂದೆಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ನಿವೃತ್ತಿಯ ಅನಂತರವೂ ನನ್ನನ್ನು ಬಿಟ್ಟಿಲ್ಲ.

ಮೊದಲು ಕಾಲೇಜಿಲ್ಲದ ಕಾಲವನ್ನು ನೋಡೋಣ. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಕಾಲೇಜು ಓದಬೇಕಾದರೆ ಮಂಗಳೂರಿಗೆ ಹೋಗಬೇಕು. ಅಲ್ಲಿ 1868ರಷ್ಟು ಹಿಂದೆಯೇ ಆರಂಭವಾದ ಸರಕಾರಿ ಕಾಲೇಜು, 1880ರ ಸಂತ ಅಲೋಶಿಯಸ್ ಕಾಲೇಜು ಇದ್ದವು. ಉಡುಪಿಯಿಂದ ಮಂಗಳೂರು ಇಂದು ಒಂದೂವರೆ ಗಂಟೆಯ ದಾರಿ. ಆದರೆ ಉದ್ಯಾವರ, ಮೂಲ್ಕಿ, ಪಾವಂಜೆ, ಕೂಳೂರು ಹೊಳೆಗಳಿಗೆ ಸೇತುವೆಗಳಾಗುವ ಮೊದಲು ಒಂದೊಂದು ಕಡವಿನಲ್ಲೂ ಇಳಿದು, ದೋಣಿ ಹತ್ತಿ, ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಮಂಗಳೂರಿನಲ್ಲಿ ಉಳಿದುಕೊಳ್ಳಲು ನೆಂಟರೋ ಹಣವೋ ಇದ್ದವರಿಗೆ ಮಾತ್ರ ಕಾಲೇಜು. ಉಳಿದವರ ಪಾಲಿಗೆ ಮುಂಬಯಿ.

ಮುಂಬಯಿಗೆ ಹೋದವರು ಕೇವಲ ಹೊಟೇಲಿನಲ್ಲಿ ದುಡಿಯಲಿಲ್ಲ, ಓದಿದರು ಕೂಡ. ನಮ್ಮ ಕರಾವಳಿಯ ಮೊಗವೀರರು ಅಲ್ಲಿ ಕಟ್ಟಿದ ಉಚಿತ ರಾತ್ರಿ ಪ್ರೌಢಶಾಲೆ, ಬಿಲ್ಲವರು ನಡೆಸಿದ ಗುರುನಾರಾಯಣ ರಾತ್ರಿ ಪ್ರೌಢಶಾಲೆ ಮೊದಲಾದವುಗಳಲ್ಲಿ ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಕನ್ನಡದಲ್ಲಿ ಪಾಠ ಕೇಳಿದರು. ನನ್ನ ಅಣ್ಣನೂ ಅವರಲ್ಲೊಬ್ಬ. 1966ರಲ್ಲಿ, ಎಂಟನೆಯ ತರಗತಿ ಮುಗಿಸಿ, ಹದಿನಾಲ್ಕರ ಪ್ರಾಯದಲ್ಲಿ ಅವನು ಊರು ಬಿಟ್ಟ. ಎಸ್.ಎಸ್.ಎಲ್.ಸಿ. ಮುಗಿಸಿದ್ದು ಮುಂಬಯಿಯ ರಾತ್ರಿ ಶಾಲೆಯಲ್ಲಿ. ಅವನು ಊರು ಬಿಡುವ ಹೊತ್ತಿಗೆ ಕಾರ್ಕಳದಲ್ಲಿ ಕಾಲೇಜು ಇತ್ತು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಆ ಮಾತಿಗೆ ಮುಂದೆ ಬರುತ್ತೇನೆ.

ಈ ಕಾಲೇಜುಗಳು ಬಂದದ್ದು ಹೇಗೆ? ಅವುಗಳ ಬೇರು ಒಂದು ಬ್ಯಾಂಕಿನಲ್ಲಿದೆ, ಬ್ಯಾಂಕಿನ ಬೇರು ಕೈಮಗ್ಗದಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರು ನೇಯ್ಗೆ, ಮುದ್ರಣ, ಹೆಂಚಿನ ಕೆಲಸಗಳನ್ನು ಇಲ್ಲಿಯವರಿಗೆ ಕಲಿಸಿದ್ದರು. 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಅವರ ಹೆಂಚಿನ ಕಾರ್ಖಾನೆಯ ಹಿಂದೆಯೇ ಮಲ್ಪೆಯಲ್ಲೂ ಒಂದು ಬಂತು. ನಮ್ಮ ಜಿಲ್ಲೆಯ ‘ತಾಂತ್ರಿಕ ಶಿಕ್ಷಣ’ದ ಮೊದಲ ಪುಟ ಇದೇ. ಆದರೆ 1920ರ ದಶಕದಲ್ಲಿ ಉಡುಪಿಯ ಸುತ್ತಲಿನ ಕೈಮಗ್ಗದ ನೇಕಾರರು ಸಂಕಷ್ಟಕ್ಕೆ ಸಿಲುಕಿದರು. ಅವರಿಗೆ ಆಸರೆಯಾಗಲೆಂದು 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈಯವರು ಎಂಟು ಸಾವಿರ ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಆರಂಭಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಹಣ ಸಂಗ್ರಹಿಸುತ್ತಿದ್ದರು. ಮೀನು ಮಾರುವ ಹೆಂಗಸೂ ಬೀಡಂಗಡಿಯವನೂ ಬ್ಯಾಂಕಿನ ಗಿರಾಕಿಗಳಾದರು. ಸಣ್ಣ ಮೊತ್ತವೂ ಕೂಡಿದರೆ ದೊಡ್ಡದಾಗುತ್ತದೆ ಎಂಬ ಪಾಠವನ್ನು ಪೈಯವರು ಶಿಕ್ಷಣಕ್ಕೂ ಅನ್ವಯಿಸಿದರು.

1942ರಲ್ಲಿ ಅವರು ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನು ಸ್ಥಾಪಿಸಿದರು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಸಂಸ್ಥೆ ಪದವಿ ಕೊಡಲು ಹುಟ್ಟಿದ್ದಲ್ಲ. ಮುಂದೆ ಓದಲು ಅನುಕೂಲವಿಲ್ಲದ ಯುವಕ ಯುವತಿಯರಿಗೆ ಹೊಟ್ಟೆ ಹೊರೆಯುವ ಒಂದು ಕಸುಬನ್ನು ಕಲಿಸುವುದು ಅದರ ಮೊದಲ ಕೆಲಸವಾಗಿತ್ತು. ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಉಡುಪಿಯಲ್ಲಿ ತೆರೆದದ್ದು 1949ರಲ್ಲಿ. ವಿದ್ಯಾರ್ಥಿಗಳ ಶುಲ್ಕವನ್ನೇ ನೆಚ್ಚಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೊಡಗಿದ್ದು 1953ರಲ್ಲಿ. ಎಂಜಿನಿಯರಿಂಗ್ ಕಾಲೇಜು 1957ರಲ್ಲಿ. ಕಸುಬಿನ ತರಗತಿಗಳು ಇವೆಲ್ಲಕ್ಕೂ ಹಿರಿಯವು. ಈ ಅನುಕ್ರಮವನ್ನು ನಾವು ಇಂದು ತಲೆಕೆಳಗಾಗಿ ನೆನೆಯುತ್ತೇವೆ. ವೈದ್ಯಕೀಯ ಕಾಲೇಜಿನಿಂದ ಕಥೆಯನ್ನು ಆರಂಭಿಸುತ್ತೇವೆ.

1960 ನಮ್ಮ ಕಡೆಗೆ ಮಹತ್ತ್ವದ ವರ್ಷ. ಆ ವರ್ಷ ಅದಮಾರು ಮಠದ ಶ್ರೀ ವಿಬುಧೇಶತೀರ್ಥ ಸ್ವಾಮೀಜಿಯವರು ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜನ್ನು ಸ್ಥಾಪಿಸಿದರು. ಅದೇ ವರ್ಷ ಪೈಯವರ ಅಕಾಡೆಮಿಯ ಆಶ್ರಯದಲ್ಲಿ ಕಾರ್ಕಳಕ್ಕೆ ಶ್ರೀ ಭುವನೇಂದ್ರ ಕಾಲೇಜು ಬಂತು. 1967ರಲ್ಲಿ ಕಲ್ಯಾಣಪುರದ ಮಿಲಾಗ್ರಿಸ್, 1980ರಲ್ಲಿ ಈಗ ಕಾಪು ತಾಲೂಕಿಗೆ ಸೇರಿರುವ ಶಿರ್ವದ ಸಂತ ಮೇರಿ ಕಾಲೇಜು. ಮಠ, ಬ್ಯಾಂಕಿನವರು, ಇಗರ್ಜಿ, ಹೀಗೆ ಯಾರಿಗೆ ಯಾವ ಊರಿನಲ್ಲಿ ನೆಲೆಯಿತ್ತೋ ಅವರು ಅಲ್ಲಿ ಕಟ್ಟಿದರು. ಸರಕಾರ ಬರುವ ಮೊದಲೇ ಊರಿನವರು ಕಾಲೇಜನ್ನು ತಂದರು ಎಂಬುದು ನಮ್ಮ ಜಿಲ್ಲೆಯ ವಿಶೇಷ.

ಆದರೆ ಕಾಲೇಜು ಬಂದ ಮಾತ್ರಕ್ಕೆ ಎಲ್ಲರೂ ಅದರ ಮೆಟ್ಟಿಲು ಹತ್ತಿದರೇ? ನನ್ನ ಅಣ್ಣ ಏಕೆ ಹತ್ತಲಿಲ್ಲ? ನಮ್ಮ ಮನೆಯಿಂದ ಭುವನೇಂದ್ರ ಕಾಲೇಜಿಗೆ ಆರು ಮೈಲಿ. ಆ ಆರು ಮೈಲಿ ಅಣ್ಣನಿಗೆ ಮುಂಬಯಿಗಿಂತ ದೂರವಾಗಿತ್ತು. ಅಪ್ಪ ಗೇಣಿ ಒಕ್ಕಲು. ಕೊಯ್ಲು ಮುಗಿದೊಡನೆ ಅಕ್ಕಿಯ ಮುಡಿಗಳು ಧನಿಗಳ ಮನೆಗೆ ಹೋಗುತ್ತಿದ್ದವು. ಉಳಿದುದರಲ್ಲಿ ಆಟಿ ತಿಂಗಳವರೆಗೆ ಗಂಜಿಗೇ ಸಾಲುತ್ತಿರಲಿಲ್ಲ. ಶುಲ್ಕ, ಪುಸ್ತಕ, ಒಂದು ಜೊತೆ ಒಳ್ಳೆಯ ಬಟ್ಟೆ ಎಲ್ಲಿಂದ ಬರಬೇಕು? 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾನೂನು ಈ ಲೆಕ್ಕವನ್ನು ಬದಲಿಸಿತು. ದೇವರಾಜ ಅರಸರ ಕಾಲ ಅದು. ಊರೂರಲ್ಲಿ ‘ಡಿಕ್ಲರೇಶನ್’ ಕೊಡುವ ಗಡಿಬಿಡಿ. ಅಪ್ಪನೂ ಕೊಟ್ಟರು. ಭೂನ್ಯಾಯ ಮಂಡಳಿಯ ತೀರ್ಪು ಬರಲು ವರ್ಷಗಳು ಹಿಡಿದರೂ ಗೇಣಿಯ ಮುಡಿಗಳು ಮನೆಯಲ್ಲೇ ಉಳಿದವು. 1976ರಲ್ಲಿ ನಾನು ಪಿ.ಯು.ಸಿ.ಗೆ ಸೇರಿದೆ. ಶುಲ್ಕದ ಒಂದು ಪಾಲು ಅಕ್ಕಿಯಿಂದ, ಇನ್ನೊಂದು ಪಾಲು ಅಣ್ಣನ ಮನಿಯಾರ್ಡರಿನಿಂದ. ಒಂದೇ ಮನೆ, ಒಂದೇ ಕಾಲೇಜು, ಹತ್ತು ವರ್ಷಗಳ ಅಂತರ. ಅದಕ್ಕೇ ನಾನು ಹೇಳುವುದು: ನಮ್ಮ ಜಿಲ್ಲೆಯ ಶಿಕ್ಷಣದ ಇತಿಹಾಸವನ್ನು ಬರೆಯುವವರು ಕಾಲೇಜು ಕಟ್ಟಿದವರ ಹೆಸರಿನೊಂದಿಗೆ ಭೂಮಿಯ ಕಾನೂನನ್ನೂ ಬರೆಯಬೇಕು. ಬಾಗಿಲು ತೆರೆದವರು ಅವರು; ಆ ಬಾಗಿಲವರೆಗೆ ನಡೆಯುವ ಶಕ್ತಿ ಕೊಟ್ಟದ್ದು ಇದು.

ಅಂದಿನ ಕಾಲೇಜು ಜೀವನದ ಬಗ್ಗೆ ಎರಡು ಮಾತು. ಬೆಳಗ್ಗೆ ಕುಚ್ಚಲಕ್ಕಿಯ ಗಂಜಿ ಉಂಡು, ಗದ್ದೆಯ ಹುಣಿಯ ಮೇಲೆ ನಡೆದು, ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಿ ಮಾರ್ಗಕ್ಕೆ ಬಂದರೆ ರಿಯಾಯಿತಿ ದರದಲ್ಲಿ ಖಾಸಗಿ ಬಸ್ಸು. ಮಳೆಗಾಲದಲ್ಲಿ ಸಂಕದ ಮೇಲೆ ನೀರು ಹರಿದರೆ ಅಂದು ಕಾಲೇಜಿಲ್ಲ. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮನೆಯಲ್ಲಿ ಕಾಲೇಜು ಕಂಡ ಮೊದಲಿಗರು. ಹುಡುಗಿಯರ ಮಟ್ಟಿಗಂತೂ ಸಂಜೆ ಮನೆಗೆ ಹಿಂತಿರುಗುವಷ್ಟು ಹತ್ತಿರದಲ್ಲಿ ಕಾಲೇಜು ಇದ್ದುದೇ ಓದಿಗೆ ಸಿಕ್ಕಿದ ಅನುಮತಿ. ಮಂಗಳೂರಿನ ಹಾಸ್ಟೆಲಿಗೆ ಮಗಳನ್ನು ಕಳಿಸಲೊಪ್ಪದ ತಂದೆ ಕಾರ್ಕಳದ ಬಸ್ಸಿಗೆ ಹತ್ತಿಸಿದರು. ಸಣ್ಣ ಊರಿನ ಸಣ್ಣ ಕಾಲೇಜಿನ ದೊಡ್ಡ ಕೆಲಸ ಇದು. ವಿದ್ವತ್ತಿನಲ್ಲೂ ಈ ಕಾಲೇಜುಗಳು ಹಿಂದೆ ಬಿದ್ದವಲ್ಲ. ಗೋಪಾಲಕೃಷ್ಣ ಅಡಿಗರು ಪೂರ್ಣಪ್ರಜ್ಞದಲ್ಲಿ ಪ್ರಾಂಶುಪಾಲರಾಗಿದ್ದರು. ಕು. ಶಿ. ಹರಿದಾಸ ಭಟ್ಟರು ಎಂ.ಜಿ.ಎಂ. ಕಾಲೇಜನ್ನು ಜಾನಪದ ಅಧ್ಯಯನದ ಕೇಂದ್ರವಾಗಿಸಿದರು. ಅದೇ ಆವರಣದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಡಾ. ಯು. ಪಿ. ಉಪಾಧ್ಯಾಯರ ನೇತೃತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಸಿದ್ಧವಾಯಿತು.

ಇನ್ನು ಕಸುಬಿನ ಕಡೆಗೆ ಬರೋಣ. ಪದವಿಗೆ ಬ್ಯಾಂಕಿನ ನೌಕರಿ ಸಿಗುತ್ತದೆ ಎಂದಾದ ಮೇಲೆ ಕೈಕೆಲಸ ಎರಡನೆಯ ದರ್ಜೆಗಿಳಿಯಿತು. ಮಂಗಳೂರಿನ ಕದ್ರಿಯಲ್ಲಿ 1946ರಿಂದಲೂ ಕರ್ನಾಟಕ ಪಾಲಿಟೆಕ್ನಿಕ್ ಇದೆ. 1950ರಲ್ಲಿ ಕೇಂದ್ರ ಸರಕಾರದ ಕುಶಲಕರ್ಮಿ ತರಬೇತಿ ಯೋಜನೆಯಿಂದ ಐ.ಟಿ.ಐ.ಗಳು ಬಂದವು. ಆದರೆ ‘ಅಂಕ ಕಡಿಮೆಯಾದರೆ ಐ.ಟಿ.ಐ.’ ಎಂಬ ಮಾತು ಮನೆಮನೆಯಲ್ಲಿ ರೂಢಿಯಾಯಿತು. ಶಿಕ್ಷೆ ಎಂಬಂತೆ ಕಳುಹಿಸಿದ ಕಡೆಗೆ ಯಾವ ಹುಡುಗ ಹಿಗ್ಗಿನಿಂದ ಹೋಗುತ್ತಾನೆ?

ಹೀಗಾಗಬೇಕಿರಲಿಲ್ಲ ಎನ್ನಲು ನಮ್ಮ ಕಾರ್ಕಳದಲ್ಲೇ ಸಾಕ್ಷಿಯಿದೆ. 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಗೊಮ್ಮಟ ನಮ್ಮ ಊರಿನ ನೆತ್ತಿಯ ಮೇಲಿದ್ದಾನೆ. ಅದಾಗಿ ಐದು ಶತಮಾನಗಳ ಮೇಲೆ, ಎಪ್ಪತ್ತು ದಾಟಿದ ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು ಇದೇ ಕಾರ್ಕಳದ ಕಲ್ಲಿನಲ್ಲಿ ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕೆತ್ತಿದರು. 1973ರಲ್ಲಿ ಆ ಮೂರ್ತಿಯನ್ನು ಸಾಗಿಸುವಾಗ ನಾನು ಎಂಟನೆಯ ತರಗತಿಯ ಹುಡುಗ; ಶಾಲೆ ಬಿಟ್ಟು ಮಾರ್ಗದ ಬದಿಯಲ್ಲಿ ನಿಂತು ನೋಡಿದ್ದೆವು. 1982ರಲ್ಲಿ ಅದರ ಪ್ರತಿಷ್ಠೆಯಾಯಿತು.

ಅಂತಹ ಕೈಗಳು ಮುಂದೆಯೂ ಹುಟ್ಟಬೇಕಾದರೆ ಕಲಿಸುವ ಶಾಲೆ ಬೇಕು. ಕಾರ್ಕಳದ ಪಕ್ಕದ ಮಿಯಾರಿನಲ್ಲಿ ಅಂತಹ ಒಂದು ಶಾಲೆ ಇದೆ: ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಸಿ. ಇ. ಕಾಮತರ ಹೆಸರಿನ ಕುಶಲಕರ್ಮಿಗಳ ತರಬೇತಿ ಸಂಸ್ಥೆ. ಕಲ್ಲು, ಮರ, ಲೋಹ ಶಿಲ್ಪಗಳನ್ನು ಹದಿನೆಂಟು ತಿಂಗಳ ಕಾಲ, ಊಟ ವಸತಿಯೊಂದಿಗೆ ಉಚಿತವಾಗಿ ಕಲಿಸುತ್ತಾರೆ. ನಾನು ಹಲವು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದೇನೆ. ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದಕ್ಕೆ ಒಂದು ತಾಳ. ತಾಳಕ್ಕೆ ಹನ್ನೆರಡು ಅಂಗುಲ. ನವತಾಳದ ಮೂರ್ತಿಗೆ 108 ಅಂಗುಲ. ಮೂರ್ತಿ ಎಷ್ಟೇ ದೊಡ್ಡದಿರಲಿ ಚಿಕ್ಕದಿರಲಿ, ಈ ಪ್ರಮಾಣ ತಪ್ಪುವಂತಿಲ್ಲ. ಗಣಿತದಲ್ಲಿ ಮೂವತ್ತೈದು ಅಂಕಕ್ಕೆ ತಿಣುಕಾಡಿದ ನನ್ನ ಶಿಷ್ಯನೊಬ್ಬ ಎರಡು ವರ್ಷಗಳ ಅನಂತರ ನೆಲ್ಲಿಕಾರು ಕಲ್ಲಿನ ಮೇಲೆ ಇದೇ ಲೆಕ್ಕವನ್ನು ಗೆರೆ ಎಳೆದು ನನಗೆ ವಿವರಿಸಿದ. ಅನುಪಾತದ ಪಾಠವನ್ನು ನಾನು ಕರಿಹಲಗೆಯ ಮೇಲೆ ಮಾಡಿದ್ದೆ. ಅದು ಅವನಿಗೆ ತಿಳಿದದ್ದು ಉಳಿ ಹಿಡಿದ ಮೇಲೆ. ಈಗ ಅವನು ದೇವಸ್ಥಾನಗಳ ಕೆಲಸ ವಹಿಸಿಕೊಂಡು ನಾಲ್ಕು ಮಂದಿಗೆ ಸಂಬಳ ಕೊಡುತ್ತಾನೆ.

ಇದೇ ದಾರಿಯ ಇನ್ನೊಂದು ಪ್ರಯತ್ನ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರೊಂದಿಗೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಕೈಜೋಡಿಸಿ ಅಲ್ಪಾವಧಿಯ ಉಚಿತ ತರಬೇತಿಯನ್ನು ಆರಂಭಿಸಿದವು. ನಮ್ಮ ಜಿಲ್ಲೆಯ ಬ್ರಹ್ಮಾವರದಲ್ಲೂ ಅದರ ಶಾಖೆಯಿದೆ. ಮುಂದೆ ಕೇಂದ್ರ ಸರಕಾರ ಇದನ್ನೇ ಮಾದರಿಯಾಗಿಟ್ಟುಕೊಂಡು ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆಯ ಯೋಜನೆ ಮಾಡಿತು. 1942ರ ಮಣಿಪಾಲದ ಮೊದಲ ಯೋಚನೆ ನಲವತ್ತು ವರ್ಷ ಕಳೆದು ಬೇರೆ ಹೆಸರಿನಲ್ಲಿ ಮರಳಿ ಬಂದಂತೆ ನನಗೆ ಕಾಣುತ್ತದೆ.

ದೊಡ್ಡ ಕಾಲೇಜುಗಳೂ ಹಳ್ಳಿಗೆ ಬಂದವು. 1973ರಲ್ಲಿ ಸೇವಾಜ್ಯೇಷ್ಠತೆಯನ್ನು ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿಸಿದಾಗ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟ ಕೆ. ಎಸ್. ಹೆಗ್ಡೆಯವರು 1979ರಲ್ಲಿ ನಿಟ್ಟೆ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದರು. ಟಿ. ಎಂ. ಎ. ಪೈಯವರು ತೀರಿಕೊಂಡದ್ದೂ ಅದೇ ವರ್ಷ. 1986ರಲ್ಲಿ ನಿಟ್ಟೆಯಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 2010ರಲ್ಲಿ ಕಾಪುವಿನ ಕಡೆಯ ಬಂಟಕಲ್ಲಿನಲ್ಲಿ ಸೋದೆ ವಾದಿರಾಜ ಮಠದ ಎಂಜಿನಿಯರಿಂಗ್ ಕಾಲೇಜು ಬಂತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಆ ಹೆಸರು ಅಳಿಯಿತು. ಅದರ ನೆರಳಿನಲ್ಲಿ ಬೆಳೆದ ಕಾಲೇಜುಗಳು ಉಳಿದಿವೆ.

ಇಂದು ನಮ್ಮ ಯಾವ ಹಳ್ಳಿಗೂ ಕಾಲೇಜು ಮೈಲಿಯ ಲೆಕ್ಕದಲ್ಲಿ ದೂರವಲ್ಲ. ಆದರೆ ಗೇಣಿ ನಿಂತಿದ್ದ ಜಾಗದಲ್ಲಿ ಈಗ ಶುಲ್ಕ ನಿಂತಿದೆ. ಮಗನ ಎಂಜಿನಿಯರಿಂಗಿಗೆಂದು ಗದ್ದೆ ಮಾರಿದವರನ್ನು ನಾನು ಬಲ್ಲೆ. ಒಂದು ತಲೆಮಾರು ಡಿಕ್ಲರೇಶನ್ ಕೊಟ್ಟು ಪಡೆದ ಭೂಮಿ ಅದು. ಅದೇ ಊರಿನಲ್ಲಿ ಪಂಪು ರಿಪೇರಿಗೆ, ವಯರಿಂಗಿಗೆ, ಒಂದು ಬಾಗಿಲಿನ ಚೌಕಟ್ಟು ಕೂರಿಸುವುದಕ್ಕೆ ಜನ ಸಿಗದೆ ವಾರಗಟ್ಟಲೆ ಕಾಯುತ್ತೇವೆ.

ಹತ್ತನೆಯ ತರಗತಿಯ ಮಕ್ಕಳಿರುವ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ಫಲಿತಾಂಶ ಬರುವವರೆಗೆ ಕಾಯಬೇಡಿ. ಅಂಕಗಳು ನಿರ್ಣಯಿಸುವ ಮೊದಲೇ ಒಂದು ಭಾನುವಾರ ಬಿಟ್ಟು, ಕೆಲಸ ನಡೆಯುವ ದಿನ ನೋಡಿಕೊಂಡು, ಮಗುವನ್ನು ಒಮ್ಮೆ ಎಂಜಿನಿಯರಿಂಗ್ ಕಾಲೇಜಿಗೂ ಒಮ್ಮೆ ಮಿಯಾರಿಗೋ ಬ್ರಹ್ಮಾವರಕ್ಕೋ ಕರೆದೊಯ್ಯಿರಿ. ಎಲ್ಲಿ ಅದರ ಕಣ್ಣು ಹೆಚ್ಚು ಹೊತ್ತು ನಿಲ್ಲುತ್ತದೆಂದು ಗಮನಿಸಿರಿ. ಅದಕ್ಕೆ ಯಾವ ಶುಲ್ಕವೂ ಇಲ್ಲ, ಬಸ್ಸಿನ ಟಿಕೇಟು ಮಾತ್ರ.